ಸಹಾಯ ಬೇಕು: ಒಂದೇ ಇಂಗ್ಲಿಷ್ ಪದಕ್ಕೆ ಹತ್ತಾರು ಅರ್ಥ, ಹೇಗೆ ಕಲಿಯೋದು?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಕಲಿಯುತ್ತಿದ್ದೇನೆ. ಹೊಸ ಪದಗಳಿಗಿಂತ ಗೊತ್ತಿರುವ ಪದಗಳೇ ಜಾಸ್ತಿ ಕಾಡುತ್ತಿವೆ.

ನಿನ್ನೆ ಓದುವಾಗ ‘ಚಾರ್ಜ್’ ಸಿಕ್ಕಿತು. ನನಗೆ ಗೊತ್ತಿದ್ದದ್ದು ಫೋನ್ ಚಾರ್ಜ್ ಮಾತ್ರ. ಅಲ್ಲಿ ನೋಡಿದರೆ ಪೊಲೀಸರು ಒಬ್ಬನನ್ನು ‘ಚಾರ್ಜ್’ ಮಾಡಿದ್ದರು, ಅಂದರೆ ಆರೋಪ ಹೊರಿಸಿದ್ದರು. ಮುಂದಿನ ಪುಟದಲ್ಲಿ ಗೂಳಿ ‘ಚಾರ್ಜ್’ ಮಾಡಿತು, ಅಂದರೆ ನುಗ್ಗಿ ಬಂತು. ಶುಲ್ಕಕ್ಕೂ ಅದೇ ಪದ, ಹೊಣೆಗೂ ಅದೇ! ಹುಡುಕಿದಾಗ, ಮೂಲದಲ್ಲಿ ಅದಕ್ಕೆ ಹೊರೆ ಹೇರುವುದು ಎಂಬ ಅರ್ಥ ಇತ್ತು ಎಂದು ತಿಳಿಯಿತು. ಆಗ ಆರೋಪ, ಶುಲ್ಕ, ಹೊಣೆ ಮೂರೂ ಒಂದೇ ಎಳೆಗೆ ಬಂದವು. ತುಂಬಾ ಖುಷಿಯಾಯಿತು.

ಆದರೆ ‘ಬ್ಯಾಟ್’? ಬಾವಲಿಗೂ ಕ್ರಿಕೆಟ್ ಬ್ಯಾಟಿಗೂ ಸಂಬಂಧವೇ ಇಲ್ಲ. ಇಂಥವನ್ನು ಸುಮ್ನೆ ಬಾಯಿಪಾಠ ಮಾಡಬೇಕಾ? ‘ಸೆಟ್’ ಪದಕ್ಕಂತೂ 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ 430 ಅರ್ಥಗಳಿವೆ.

ನಮ್ಮ ‘ಹಿಡಿ’ಯೂ ಹೀಗೇ ಅಲ್ವಾ? ಬಸ್ ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆ ಹಿಡಿಯುತ್ತದೆ. ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಕೇಳಿ ಕೇಳಿ ಬಂತು.

ನೀವು ಹೇಗೆ ಕಲಿತಿರಿ? ಒಂದು ಪದದ ಎಲ್ಲ ಅರ್ಥಗಳನ್ನೂ ಒಟ್ಟಿಗೆ ಬರೆದುಕೊಳ್ಳಬೇಕಾ, ಇಲ್ಲ ಸಿಕ್ಕಾಗ ಸಿಕ್ಕ ಅರ್ಥವನ್ನು ಒಂದು ವಾಕ್ಯದ ಜೊತೆ ಇಟ್ಟುಕೊಂಡರೆ ಸಾಕಾ? ನಿಮಗೆ ನಿಜವಾಗಿ ಕೈಹಿಡಿದ ದಾರಿ ತಿಳಿಸಿ, ದಯವಿಟ್ಟು.