ಸಹಾಯ ಬೇಕು: ಅಪ್ಪನ ನೆನಪಿಗೆ ಹೆಬ್ಬಲಸಿನ ಸಸಿಗಳು ಮತ್ತು ಹಳೆಯ ಚಾರಣದ ಫೋಟೋಗಳು

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ತೀರಿಕೊಂಡ ನಮ್ಮ ತಂದೆಯವರು ಕೊಡಚಾದ್ರಿ, ಕುದುರೆಮುಖಗಳನ್ನು ಪ್ರಾಣದಂತೆ ಪ್ರೀತಿಸಿದವರು. ಮೇ ತಿಂಗಳಲ್ಲಿ ಮೊಮ್ಮಕ್ಕಳನ್ನು ಮನೆಯ ಹಿಂದಿನ ಹಾಡಿಗೆ ಕರೆದೊಯ್ದು, ಬಿದ್ದ ಹೆಬ್ಬಲಸಿನ ಹಣ್ಣು ಬಿಡಿಸಿ ತೊಳೆ ತಿನ್ನಿಸುತ್ತಿದ್ದ ಅವರು, ಬೀಜ ಒಣಗಿದರೆ ಮೊಳೆಯುವುದಿಲ್ಲವೆಂದು ಅದನ್ನು ಅಂಗಿಯ ಜೇಬಿನಲ್ಲಿ ತಂದು ಅದೇ ಸಂಜೆ ಬಿತ್ತುತ್ತಿದ್ದರು.

ವರ್ಷಾಂತಿಕದಂದು ಅದೇ ಹಾಡಿಯ ಅಂಚಿನಲ್ಲಿ ಹೆಬ್ಬಲಸು, ಪುನರ್ಪುಳಿ, ರಂಜೆಯ ಸಸಿಗಳನ್ನು ನೆಡಬೇಕೆಂದಿದ್ದೇವೆ. ಪೇಟೆಯ ನರ್ಸರಿಗಳಲ್ಲಿ ಹೆಚ್ಚಾಗಿ ಅಲಂಕಾರದ ಗಿಡಗಳೇ ಸಿಗುತ್ತಿರುವುದರಿಂದ, ಉಡುಪಿಯ ಸುತ್ತಮುತ್ತ ಊರಿನ ಕಾಡುಮರಗಳ ಸಸಿ ಎಲ್ಲಿ ದೊರೆಯುತ್ತದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಅವರೊಡನೆ ಚಾರಣ ಮಾಡಿದವರಲ್ಲಿ ಅವರ ಫೋಟೋಗಳಿದ್ದರೆ ಕಳುಹಿಸಿಕೊಡಿ; ಕ್ಯಾಮೆರಾ ಸದಾ ಅವರ ಕೈಯಲ್ಲೇ ಇದ್ದುದರಿಂದ ನಮ್ಮಲ್ಲಿರುವುದು ತೀರಾ ಕಡಿಮೆ. ನನ್ನ ಪ್ರೊಫೈಲ್ ಚಿತ್ರದಲ್ಲಿ ಜತೆಗಿರುವವರು ಅವರೇ.