ಅಪ್‌ಡೇಟ್: ಟ್ರೇಲರ್‌ಗೆ 15 ಇಂಚಿನ ಚಕ್ರ ಹಾಕಿಸಿದೆ

ಅರಿಜೋನಾದ ಬಿಸಿಲಲ್ಲಿ ನಮ್ಮ ಕ್ಯಾಂಪಿಂಗ್ ಟ್ರೇಲರ್‌ಗೆ 14 ಇಂಚಿನ ಟೈರ್ ಸಾಕಾ ಎಂದು ಕೇಳಿದ್ದೆನಲ್ಲ, ಕೊನೆಗೆ 15 ಇಂಚಿಗೇ ಹೋದೆ. ಹಳೆಯದು ಎಸ್‌ಟಿ205/75ಆರ್14 (ಎಸ್‌ಟಿ ಅಂದರೆ ಟ್ರೇಲರ್ ಟೈರ್, ಕೊನೆಯ 14 ರಿಮ್ಮಿನ ಇಂಚು), ಲೋಡ್ ರೇಂಜ್ ಸಿ, ಅಂದರೆ ಭಾರ ಹೊರುವ ದರ್ಜೆ. 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯಲ್ಲಿ ಒಂದೊಂದು ಹೊರುವುದು 1,760 ಪೌಂಡ್. ಆಕ್ಸಲ್ (ಎರಡು ಚಕ್ರ ಕೂಡಿಸುವ ಅಚ್ಚು) ಹೊರುವ ಮಿತಿ 3,500 ಪೌಂಡ್. ಎರಡು ಟೈರ್ ಸೇರಿದರೂ ಉಳಿಯೋದು ಬರೀ 20 ಪೌಂಡ್, ಭಯ ಆಗಲ್ವಾ?

ಹೊಸದು ಎಸ್‌ಟಿ205/75ಆರ್15, ರೇಂಜ್ ಡಿ: 65 ಪಿಎಸ್‌ಐಗೆ 2,150 ಪೌಂಡ್. ರಿಮ್ಮೂ ಅಷ್ಟು ಗಾಳಿಯ ಒತ್ತಡ ತಡೆಯುವಂಥದ್ದೇ ಇರಬೇಕು, ಕೇಳಿ ತಗೊಳ್ಳಿ. ಟ್ರೇಲರ್ ಸುಮಾರು ಅರ್ಧ ಇಂಚು ಮೇಲೆದ್ದಿದೆ. ಮಡ್‌ಗಾರ್ಡಿಗೆ ಎಲ್ಲೂ ತಾಗುತ್ತಿಲ್ಲ. 50 ಮೈಲಿ ಓಡಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ವ್ರೆಂಚಲ್ಲಿ (ಬಿಗಿತ ಅಳೆದು ತಿರುಗಿಸುವ ಸ್ಪ್ಯಾನರ್) ಮತ್ತೆ ಬಿಗಿ ಮಾಡಿದೆ.

ಆಕ್ಸಲ್ ಹಳೆಯದೇ ಆದ್ದರಿಂದ ಸಾಮಾನು ಮಾತ್ರ ಜಾಸ್ತಿ ತುಂಬುವಂತಿಲ್ಲ. ಮನೆಯಲ್ಲಿ ಅದೊಂದೇ ತಕರಾರು.