ಮಣ್ಣಿನ ಉಷ್ಣತೆ ನೋಡಿ ಬಿತ್ತಿದವರು ಅನುಭವ ತಿಳಿಸಿ

ಚಿತ್ತಾಪುರದಿಂದ: ಆರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಕಡಲೆ ಬಿತ್ತಬೇಕಾಗಿದೆ. ಉತ್ತರೆ ಮಳೆಯ ತೇವದಲ್ಲೇ ಬಿತ್ತಬೇಕೆ, ಮಣ್ಣಿನ ಕಾವು ಇಳಿಯುವವರೆಗೆ ಕಾಯಬೇಕೆ? ಅಳತೆ ಮಾಡಿ ನಿರ್ಧರಿಸಿದವರು ದಯವಿಟ್ಟು ತಿಳಿಸಿರಿ.

ಆಳಂದದಿಂದ: 2021ರಲ್ಲಿ ತೇವ ಆರೀತೆಂಬ ಭಯದಿಂದ ಸೆಪ್ಟೆಂಬರ್ ಕೊನೆಯಲ್ಲೇ ನಾಲ್ಕು ಎಕರೆಗೆ ಜೆಜಿ-11 ತಳಿಯ ಕಡಲೆ ಬಿತ್ತಿದೆ. ಮೊಳಕೆಗೆ ಕೊರತೆಯಿರಲಿಲ್ಲ, ಆದರೆ ಇಪ್ಪತ್ತೈದನೆಯ ದಿನದಿಂದ ಗಿಡಗಳು ಜೋತುಬಿದ್ದವು, ಬೇರು ಸೀಳಿದಾಗ ಒಳಗೆ ಕಂದು ಗೆರೆ ಕಂಡಿತು. ಸೊರಗು ರೋಗದ ಶಿಲೀಂಧ್ರಕ್ಕೆ ಬೆಚ್ಚಗಿನ ಮಣ್ಣೇ ಅನುಕೂಲ. ಬೀಜಕ್ಕೆ 7,200, ಗೊಬ್ಬರಕ್ಕೆ 5,400, ಟ್ರ್ಯಾಕ್ಟರ್ ಕೂರಿಗೆಗೆ 3,200 ರೂಪಾಯಿ ಸುರಿದು ಏಳು ಚೀಲ ಕಡಲೆ ಮನೆಗೆ ತಂದೆ. ಅಂದಿನಿಂದ 650 ರೂಪಾಯಿಯ ಉಷ್ಣತಾಮಾಪಕವನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಚುಚ್ಚಿ, ಮಧ್ಯಾಹ್ನ ಎರಡಕ್ಕೆ ನೋಡಿದ ಅಂಕಿ ನಾಲ್ಕು ದಿನ 30 ಡಿಗ್ರಿಯ ಕೆಳಗೆ ನಿಂತ ಮೇಲೆಯೇ, ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸಿ ಬಿತ್ತುತ್ತಿದ್ದೇನೆ.

ಭಾಲ್ಕಿಯಿಂದ: ಹತ್ತು ಸೆಂಟಿಮೀಟರ್ ಎಂಬ ಮಾತನ್ನು ನಂಬಿಯೇ ನಾನು ಕೆಟ್ಟೆ. ಮಳೆ ತಡವಾದ 2023ರ ಮುಂಗಾರಿನಲ್ಲಿ ಆ ಆಳದಲ್ಲಿ 33 ಡಿಗ್ರಿ ನೋಡಿ ಸೋಯಾ ಬಿತ್ತಿದೆ. ಬೀಜ ಇದ್ದದ್ದು ನಾಲ್ಕು ಸೆಂಟಿಮೀಟರಿನಲ್ಲಿ. ಐದು ದಿನ ಮಳೆ ಬರಲಿಲ್ಲ, ಅಲ್ಲಿ ಅಳೆದಾಗ 42 ತೋರಿಸಿತು. ಐದು ಚೀಲ ಬೀಜ ಮಣ್ಣಿನಲ್ಲೇ ಹೋಯಿತು, ಮರುಬಿತ್ತನೆಗೆ ಸಾಲ ಮಾಡಬೇಕಾಯಿತು. ಇಂಥ ಸಲಹೆ ಕೊಡುವವರು ಯೋಚಿಸಿ ಕೊಡಬೇಕು.

ಆಳಂದದಿಂದ: ಭಾಲ್ಕಿಯ ಅಣ್ಣನವರೇ, ನಾನು ಬರೆದದ್ದು ಕಡಲೆಯ ವಿಷಯ. ಒಣಬೇಸಾಯದಲ್ಲಿ ಕಡಲೆಯನ್ನು ತೇವ ಸಿಗುವಷ್ಟು ಆಳಕ್ಕೆ, ಎಂಟು-ಹತ್ತು ಸೆಂಟಿಮೀಟರಿಗೆ ಇಳಿಸುತ್ತೇವೆ. ಬೀಜ ಎಲ್ಲಿದೆಯೋ ಅಲ್ಲಿ ಅಳೆಯದೆ ಸೋಯಾ ಕಳೆದುಕೊಂಡದ್ದಕ್ಕೆ ನನ್ನನ್ನು ದೂರುವುದು ನ್ಯಾಯವಲ್ಲ.

ಅಫಜಲಪುರದಿಂದ: ಇಬ್ಬರೂ ತೇವವನ್ನು ಮರೆತಿದ್ದೀರಿ. ನಾನು 14,500 ರೂಪಾಯಿ ಕೊಟ್ಟು ಮೊಬೈಲಿಗೆ ಅಂಕಿ ಕಳಿಸುವ ಸಾಧನ ಹಾಕಿಸಿದೆ. ಮೊದಲ ತಿಂಗಳಲ್ಲೇ ಇಲಿ ತಂತಿ ಕಡಿಯಿತು, ಸರಿಪಡಿಸಲು 1,100 ಹೋಯಿತು, ಬ್ಯಾಟರಿಗೆ ಮತ್ತೆ 900. ಕಡಲೆ ಬಿತ್ತಲು ಕಾವು ಇಳಿಯಲೆಂದು ಹದಿನೆಂಟು ದಿನ ಕಾದೆ. ಹಸ್ತಾ ಮಳೆ ಕೈಕೊಟ್ಟಿತು, ಚಿತ್ತಾ ಮಳೆ ಬರಲೇ ಇಲ್ಲ. ಮೇಲಿನ ಗೇಣು ಮಣ್ಣು ಆರಿ ಅರ್ಧ ಬೀಜವೂ ಮೊಳೆಯಲಿಲ್ಲ. ಇನ್ನೊಂದು: ಹತ್ತು ಸೆಂಟಿಮೀಟರಿಗೆ ಬಿಸಿಲಿನ ಕಾವು ತಡವಾಗಿ ಇಳಿಯುತ್ತದೆ. ಎರಡು ಗಂಟೆಗೆ ನೋಡಿದವರಿಗೆ ದಿನದ ಗರಿಷ್ಠ ಅಂಕಿ ಸಿಗುವುದೇ ಇಲ್ಲ, ಆಳಂದದವರ 30ಕ್ಕೆ ಆಧಾರವೇನು?

ಆಳಂದದಿಂದ: ಆಧಾರ ನನ್ನ ಹೊಲ. ಮೂರು ವರ್ಷದಿಂದ ಅದೇ ಜಾಗ, ಅದೇ ಹೊತ್ತು. ಸೊರಗಿದ ಗಿಡಗಳನ್ನು ಸಾಲುಸಾಲಾಗಿ ಎಣಿಸಿ ಬರೆದಿಟ್ಟಿದ್ದೇನೆ. ನಿಮ್ಮ ಸಾಧನ ಬದುವಿನ ಮೇಲಿತ್ತೋ, ಹೊಲದ ನಡುವೆ ಇತ್ತೋ, ಮೊದಲು ಅದನ್ನು ಹೇಳಿರಿ.

ಅಫಜಲಪುರದಿಂದ: ಹೊಲದ ನಡುವೆಯೇ ಇತ್ತು. ಹಸಿ ಎರೆ ನಿಧಾನ ಕಾಯುತ್ತದೆ, ಆರಿದಂತೆ ಬೇಗ ಕಾಯುತ್ತದೆ. ಆ ಹದಿನೆಂಟು ದಿನಗಳಲ್ಲಿ ಅಂಕಿ ಇಳಿಯುವ ಬದಲು ಏರಿದ್ದು ಅದಕ್ಕೇ, ನನಗದು ಅರ್ಥವಾಗುವಷ್ಟರಲ್ಲಿ ತೇವ ಹೋಗಿತ್ತು.